ನಾನು ಇಟ್ಟಿದ್ದು ನಾರು, ಹಕ್ಕಿ ಒಯ್ದಿದ್ದು ಜೇಡರ ಬಲೆ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮೂವತ್ತು ನಲವತ್ತರ ಸೈಟು. ಮುಂದೆ ಒಂದು ದಾಸವಾಳ, ಒಂದು ಅಂಜೂರ, ಒಂದು ನುಗ್ಗೆ, ಕಾಂಪೌಂಡ್ ಪಕ್ಕ ಒಂದಷ್ಟು ಕುಂಡ. ತೋಟ ಅಂತ ಕರೆಯೋಕೆ ಸಂಕೋಚವೇ.

2023ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಕಾಲೊರೆಸುವ ತೆಂಗಿನ ನಾರಿನ ಮ್ಯಾಟಿನ ಮೇಲೆ ಪಿಕಳಾರ ಹಕ್ಕಿಯೊಂದು ಕೂತಿತ್ತು. ಕಾಲು ಊರಿ, ಮೈ ಹಿಂದಕ್ಕೆ ಜಗ್ಗಿ, ಗೂಡಿಗೆ ಬೇಕಾದ ಒಂದೇ ಒಂದು ಎಳೆಗೆ ಐದು ನಿಮಿಷ ಒದ್ದಾಡಿತು. ಎಳೆದಾಗೆಲ್ಲ ಜುಟ್ಟು ಅಲ್ಲಾಡುತ್ತಿತ್ತು. ಪಾಪ, ನಾನೇ ಬಿಡಿಸಿ ಇಟ್ಟರಾಯ್ತಲ್ಲ ಅನ್ನಿಸಿತು. ಶುರುವಾಗಿದ್ದು ಹೀಗೆ.

ಮೊದಲ ವರ್ಷ ಮಾಡಿದ್ದೆಲ್ಲ ತಪ್ಪೇ. ಈರುಳ್ಳಿ ತುಂಬಿಸಿ ಕೊಡುವ ಕೆಂಪು ಬಲೆ ಚೀಲ ಇರುತ್ತಲ್ಲ, ಅದಕ್ಕೆ ನಾರು ತುರುಕಿ ನುಗ್ಗೆ ಕೊಂಬೆಗೆ ನೇತುಹಾಕಿದೆ. ಮೂರನೇ ದಿನ ನೋಡಿದರೆ ಪಿಕಳಾರ ತಲೆಕೆಳಗಾಗಿ ಜೋತಾಡುತ್ತಿದೆ. ಬೆರಳು ಬಲೆಗೆ ಸಿಕ್ಕಿಕೊಂಡಿತ್ತು. ಟವೆಲ್ ಮುಚ್ಚಿ ಹಿಡಿದು, ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿದೆ. ಅಂಗೈಯಲ್ಲಿ ಅದರ ಎದೆ ಮೊಬೈಲ್ ವೈಬ್ರೇಟ್ ಆದ ಹಾಗೆ ಬಡಿದುಕೊಳ್ಳುತ್ತಿತ್ತು. ಬಿಟ್ಟ ಕೂಡಲೇ ಹಾರಿಹೋಯಿತು. ನನ್ನ ಕೈ ನಡುಗುವುದು ನಿಲ್ಲೋಕೆ ಅರ್ಧ ಗಂಟೆ ಬೇಕಾಯಿತು.

ಆಮೇಲೆ ಅಡುಗೆಮನೆಯ ಹಳೇ ತಂತಿ ಬುಟ್ಟಿ ತಂದೆ. ಮೊಟ್ಟೆ ಇಡುತ್ತಿದ್ದ ಬುಟ್ಟಿ. ತಂತಿ ಗಟ್ಟಿ, ಎಡೆ ಒಂದು ಬೆರಳು ಹೋಗುವಷ್ಟು. ಹಕ್ಕಿ ಹಿಡಿದು ಕೂರಬಹುದು, ಸಿಕ್ಕಿಕೊಳ್ಳುವುದಿಲ್ಲ. ಇವತ್ತಿಗೂ ಅದೇ ನಡೆಯುತ್ತಿದೆ.

ಎರಡನೇ ತಪ್ಪು ನೆನೆದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಅಂಜೂರದ ಗಿಡದಲ್ಲಿ ಟುವ್ವಿ ಹಕ್ಕಿ ಎಲೆ ಹೊಲಿಯೋಕೆ ಶುರು ಮಾಡಿತ್ತು. ಅದರ ಹೊಲಿಗೆ ನಮ್ಮ ಹೊಲಿಗೆಯಂತಲ್ಲ. ಕೊಕ್ಕಿನಿಂದ ಎಲೆಯ ಅಂಚಿಗೆ ತೂತು ಮಾಡಿ ನಾರಿನ ತುದಿ ತೂರಿಸುತ್ತದೆ. ಆಚೆ ಬಂದ ತುದಿ ಅರಳಿ ಗುಂಡಿಯ ಹಾಗೆ ನಿಲ್ಲುತ್ತದೆ. ಗಂಟು ಗಿಂಟು ಏನೂ ಇಲ್ಲ. ಅಷ್ಟು ಚೆಂದದ ಕೆಲಸಕ್ಕೆ ಸಹಾಯ ಮಾಡೋಣ ಅಂತ ಮೆಡಿಕಲ್ ಅಂಗಡಿಯಿಂದ ಹತ್ತಿ ತಂದು ಬುಟ್ಟಿಗೆ ತುಂಬಿದೆ. ಟುವ್ವಿ ಎರಡೇ ದಿನದಲ್ಲಿ ಅರ್ಧ ಖಾಲಿ ಮಾಡಿತು. ನನಗೋ ಖುಷಿಯೋ ಖುಷಿ.

ಏಪ್ರಿಲಿನಲ್ಲಿ ಒಂದು ಸಂಜೆ ಜೋರು ಮಳೆ ಬಂತು, ಮಾವಿನ ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಹೊಲಿಗೆ ಹರಿದು ಎಲೆ ಬಾಯಿ ಬಿಟ್ಟಿತ್ತು. ಒಳಗಿನ ಹತ್ತಿ ಒದ್ದೆ ಮುದ್ದೆಯಾಗಿ ನೆಲಕ್ಕೆ ಬಿದ್ದಿತ್ತು. ಪಕ್ಕದಲ್ಲಿ ಒಡೆದ ಮೊಟ್ಟೆ ಎರಡು. ಹತ್ತಿ ಹಿಂಡಿದರೆ ನೀರು ಇಳಿಯಿತು.

ಅವತ್ತೇ ಎರಡು ಬಟ್ಟಲಲ್ಲಿ ನೀರು ತುಂಬಿಸಿ ಪರೀಕ್ಷೆ ಮಾಡಿದೆ. ಒಂದಕ್ಕೆ ಮೆಡಿಕಲ್ ಹತ್ತಿ, ಇನ್ನೊಂದಕ್ಕೆ ಹಳೇ ದಿಂಬಿನಿಂದ ಕಿತ್ತ ಬೂರುಗದ ಹತ್ತಿ. ಮೊದಲನೆಯದು ಹಾಕಿದ ತಕ್ಷಣ ನೀರು ಕುಡಿದು ತಳ ಸೇರಿತು. ಬೂರುಗ ಮಾತ್ರ ತೇಲುತ್ತಲೇ ಇತ್ತು. ಮಧ್ಯಾಹ್ನ ಊಟ ಮುಗಿಸಿ ಬಂದಾಗಲೂ ಮೇಲೇ ಇತ್ತು. ಮೆಡಿಕಲ್ ಹತ್ತಿಯ ಮೇಲಿನ ಜಿಡ್ಡು ತೆಗೆದಿರುತ್ತಾರೆ, ಗಾಯದ ರಕ್ತ ಹೀರಬೇಕಲ್ಲ. ಬೂರುಗದ ಎಳೆಗೆ ಹುಟ್ಟಿನಿಂದಲೇ ಮೇಣದ ಲೇಪ. ಹಿಂದೆ ಹಡಗಿನವರ ಲೈಫ್ ಜಾಕೆಟ್ಟಿಗೆ ಬಿಳಿ ಬೂರುಗದ ಹತ್ತಿ ತುಂಬುತ್ತಿದ್ದರು. ಇಷ್ಟು ದಿನ ಅದರ ಮೇಲೇ ತಲೆ ಇಟ್ಟು ಮಲಗಿದ್ದೇನೆ, ಗೊತ್ತಿರಲಿಲ್ಲ.

ಈಗ ಬುಟ್ಟಿಗೆ ಹಾಕುವುದು ಮೂರೇ ವಸ್ತು. ತೆಂಗಿನ ಸಿಪ್ಪೆಯ ನಾರನ್ನು ಒಂದು ದಿನ ನೆನೆಸಿ, ಕಲ್ಲಿನ ಮೇಲೆ ಜಜ್ಜಿ, ಒಣಗಿಸಿ ಬಿಡಿಸುತ್ತೇನೆ. ಹೂ ಕಟ್ಟುವ ಬಾಳೆನಾರನ್ನು ಉಗುರಿನಿಂದ ಸಣ್ಣಗೆ ಸೀಳುತ್ತೇನೆ. ಮೂರನೆಯದು ಬೂರುಗದ ಹತ್ತಿ. ದಿಂಬಿನದು ಖಾಲಿಯಾದ ಮೇಲೆ ಏಪ್ರಿಲ್ ಸುಮಾರಿಗೆ ಕಾಯಿ ಒಡೆಯುವಾಗ ಮರದ ಬುಡದಿಂದ ಆರಿಸಿ ತಂದು, ಮುಂದಿನ ವರ್ಷಕ್ಕೆ ಡಬ್ಬಿಯಲ್ಲಿಡುತ್ತೇನೆ. ಯಾವ ಎಳೆಯೂ ಎರಡು ಇಂಚಿಗಿಂತ ಉದ್ದ ಇರಬಾರದು. ಉದ್ದವಿದ್ದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಣ್ಣದ ಉಲ್ಲನ್, ನೈಲಾನ್ ದಾರ ಬೇಡವೇ ಬೇಡ. ಬುಟ್ಟಿಯನ್ನು ಸಜ್ಜೆಯ ಕೆಳಗೆ ತೂಗುಹಾಕಿ. ನಾರು ನೆನೆದು ಬೂಷ್ಟು ಹಿಡಿದರೆ ಎಸೆದುಬಿಡಿ.

ಬಾಚಿ ತೆಗೆದ ಕೂದಲು ಇಡು ಅಂತ ಅತ್ತೆ ಹೇಳಿದರು. ಕೂದಲು ನೋಡೋಕೆ ಸಣ್ಣ, ಮರಿಯ ಕಾಲಿಗೆ ಸುತ್ತಿಕೊಂಡರೆ ಕುಯ್ದೇ ಬಿಡುತ್ತದೆ. ಪಕ್ಕದ ಮನೆಯವರು ತಮ್ಮ ಲ್ಯಾಬ್ರಡಾರ್ ನಾಯಿಯ ಕೂದಲನ್ನು ಒಂದು ಕವರ್ ತುಂಬಾ ತಂದುಕೊಟ್ಟರು. ಅದನ್ನು ಒಂದು ವಾರ ಇಟ್ಟೆ ಕೂಡ. ಆಮೇಲೆ 2025ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಪ್ರಾಣಿಗಳ ಕೂದಲು ಹಾಸಿದ್ದ 103 ಗೂಡು ಪರೀಕ್ಷಿಸಿದ ಸುದ್ದಿ ಓದಿದೆ. ನಾಯಿ ಬೆಕ್ಕಿನ ಮೈಗೆ ಹತ್ತುವ ಉಣ್ಣೆಹುಳು, ಚಿಗಟ ಸಾಯಲಿ ಅಂತ ಹಾಕುವ ಫಿಪ್ರೊನಿಲ್ ಅನ್ನುವ ಕೀಟನಾಶಕ ಅಷ್ಟೂ ಗೂಡಿನಲ್ಲಿತ್ತಂತೆ. ಆ ನಾಯಿಗೂ ಬೆನ್ನ ಮೇಲೆ ಉಣ್ಣೆ ಔಷಧಿ ಬಿಡುತ್ತಾರೆ, ನನಗೇ ಗೊತ್ತಿತ್ತು. ತಲೆಗೇ ಹೊಳೆದಿರಲಿಲ್ಲ ನೋಡಿ. ಅವರಿಗೆ ನಯವಾಗಿ ಬೇಡ ಅಂದೆ.

ಇಷ್ಟೆಲ್ಲ ಮಾಡಿದರೆ ಹಕ್ಕಿಗಳು ಸಾಲುಗಟ್ಟಿ ಬರುತ್ತವೆ ಅಂದುಕೊಳ್ಳಬೇಡಿ. ಜಾಸ್ತಿ ಲಾಭ ಆಗಿದ್ದು ಕಾಗೆಗೆ. ಕೊಕ್ಕು ತುಂಬಾ ತೆಂಗಿನ ನಾರು ತುಂಬಿಕೊಂಡು, ಮೀಸೆ ಬಂದವರ ಹಾಗೆ ಹಾರುತ್ತಿತ್ತು. ನಾನು ಕಾಯುತ್ತಿದ್ದುದು ಸೂರಕ್ಕಿಗೆ. ಅದು ದಿನಾ ದಾಸವಾಳಕ್ಕೆ ಬರುತ್ತಿತ್ತು, ಬುಟ್ಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

2024ರ ಮಾರ್ಚ್ ಕೊನೆಗೆ ಅದಕ್ಕೆ ಏನು ಬೇಕಿತ್ತು ಅಂತ ಕಣ್ಣಾರೆ ಕಂಡೆ. ಹೆಣ್ಣು ಹಕ್ಕಿ, ಹಳದಿ ಹೊಟ್ಟೆಯದು, ಪೋರ್ಟಿಕೋದ ಮೀಟರ್ ಬೋರ್ಡಿನ ಮೇಲಿನ ಮೂಲೆಯಲ್ಲಿ ರೆಕ್ಕೆ ಪಟಪಟ ಬಡಿಯುತ್ತ ನಿಂತಲ್ಲೇ ನಿಂತಿತ್ತು. ಬಾಗಿದ ಕೊಕ್ಕನ್ನು ಜೇಡರ ಬಲೆಗೆ ಚುಚ್ಚಿ ಎಳೆಯಿತು. ಬಲೆ ಚೂಯಿಂಗ್ ಗಮ್ಮಿನ ಹಾಗೆ ಉದ್ದಕ್ಕೆ ಬಂತು. ಅದನ್ನು ಕೊಕ್ಕಿಗೆ ಸುತ್ತಿಕೊಂಡು ನೇರ ದಾಸವಾಳದ ತುದಿ ಕೊಂಬೆಗೆ ಹೋಗಿ ಒರೆಸಿತು. ಹತ್ತು ನಿಮಿಷಕ್ಕೆ ಮತ್ತೆ ಹಾಜರ್. ಅದರ ಗೂಡಿಗೆ ಗಾರೆಯೂ ಅದೇ, ಹಗ್ಗವೂ ಅದೇ. ನಾರು, ತೊಗಟೆ ಚೂರು, ಕಂಬಳಿಹುಳುವಿನ ಹಿಕ್ಕೆ, ಎಲ್ಲ ಅಂಟಿ ನಿಲ್ಲುವುದು ಬಲೆಯಿಂದಲೇ.

ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ. ಮಾರ್ಚ್ 31ರ ಭಾನುವಾರ ಅತ್ತೆ ತಲೆಗೆ ಟವೆಲ್ ಸುತ್ತಿ, ಉದ್ದ ಕೋಲಿಗೆ ಪೊರಕೆ ಕಟ್ಟಿಕೊಂಡು ಹೊರಗೆ ಬಂದರು.

"ಅತ್ತೆ, ಈ ಮೂಲೆ ಒಂದು ಬಿಡಿ."

"ಏನಮ್ಮಾ, ಹಬ್ಬದ ಮನೇಲಿ ಬಾಗಿಲಲ್ಲೇ ಬಲೆ ಬಿಡ್ತಾರಾ? ನೋಡಿದೋರು ಏನಂದಾರು?"

ವಾದ ಮಾಡಲಿಲ್ಲ. ಕುರ್ಚಿ ತಂದು ಕೂರಿಸಿದೆ. ಸೂರಕ್ಕಿ ಬಂತು. ಅತ್ತೆ ಕೋಲು ಹಿಡಿದುಕೊಂಡೇ ನಾಲ್ಕು ಸಲ ನೋಡಿದರು. ಆಮೇಲೆ ಎದ್ದು, ಮಾತಾಡದೆ, ಒಳಗಿನ ಬಲೆ ಮಾತ್ರ ಹೊಡೆದರು. ತೋರಣ ಕಟ್ಟುವ ದಿನ ಬಾಗಿಲ ಮೇಲೆ ಮಾವಿನೆಲೆ, ಪಕ್ಕದ ಮೂಲೆಯಲ್ಲಿ ಬಲೆ. ಬಂದ ನೆಂಟರೊಬ್ಬರು ಅದನ್ನೇ ದಿಟ್ಟಿಸಿದರು. ಅತ್ತೆ ಅವರಿಗೆ ಬೇವು ಬೆಲ್ಲ ಕೊಟ್ಟು ಮಾತು ಬೇರೆ ಕಡೆ ತಿರುಗಿಸಿದರು.

ಗೂಡು ಮುಗಿಯೋಕೆ ಹತ್ತು ದಿನ ಹಿಡಿಯಿತು. ದೂರದಿಂದ ನೋಡಿದರೆ ಕೊಂಬೆಗೆ ಕಸ ಸಿಕ್ಕಿಕೊಂಡ ಹಾಗಿತ್ತು. ಪಕ್ಕದಲ್ಲೊಂದು ಬಾಗಿಲು, ಅದರ ಮೇಲೆ ಪುಟ್ಟ ಸಜ್ಜೆ ಬೇರೆ. ಒಳ ಹಾಸಿಗೆಗೆ ಕೊನೆಗೂ ನನ್ನ ಬುಟ್ಟಿಗೆ ಬಂದು ಬೂರುಗದ ಹತ್ತಿ ಒಯ್ದಿತು. ಗೂಡಿನ ಹತ್ತಿರ ಹೋಗಲಿಲ್ಲ, ಫೋಟೋನೂ ತೆಗೆಯಲಿಲ್ಲ. ಸುಮ್ನೆ ಕಿಟಕಿಯಿಂದ ನೋಡುತ್ತಿದ್ದೆ. ಮೇ ಎರಡನೇ ವಾರ ಎರಡು ಮರಿ ಹಾರಿದವು.

ಜೂನ್ ಮಳೆಗೆ ಖಾಲಿ ಗೂಡು ಕೆಳಗೆ ಬಿತ್ತು. ಪೇಪರ್ ಹಾಸಿ ಅದರ ಮೇಲೆ ಬಿಡಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕ ಕೂತರು. ಜೇಡರ ಬಲೆ, ತೊಗಟೆ, ಹಿಕ್ಕೆ, ಒಣಹುಲ್ಲು, ನಮ್ಮ ಕಾಂಪೌಂಡ್ ಗೋಡೆಯಿಂದ ಎದ್ದ ಹಸಿರು ಬಣ್ಣದ ಒಂದು ಚಕ್ಕೆ. ಒಳಗೆ ಒಂದು ಹಿಡಿ ಬೂರುಗ. ಬಾಳೆನಾರಿನ ಏಳೆಂಟು ಎಳೆ. ತೆಂಗಿನ ನಾರು ಎಷ್ಟು ಹುಡುಕಿದರೂ ಒಂದೇ ಒಂದು ಸಿಗಲಿಲ್ಲ.

"ನೀನು ಆಪಾಟಿ ಜಜ್ಜಿದ್ದು ಕಾಗೆಗಾ?" ಅಂದರು ಅತ್ತೆ.