ಮನೆಯಲ್ಲಿ ಹೊಟ್ಟೆ ಡಯಾಲಿಸಿಸ್: ನೀರು ಇಳಿಯದಿದ್ದಾಗ ಮೊದಲು ಏನು ನೋಡಬೇಕು?

ಮನೆಯಲ್ಲೇ ಪೆರಿಟೋನಿಯಲ್ ಡಯಾಲಿಸಿಸ್ (ಪಿಡಿ: ಪೈಪಿನಿಂದ ಹೊಟ್ಟೆಗೆ ಡಯಾಲಿಸಿಸ್ ನೀರು ಬಿಟ್ಟು, ಕೆಲವು ತಾಸಿನ ಮೇಲೆ ಇಳಿಸುವುದು) ಮಾಡಿಕೊಳ್ಳುವವರಿಗೆ ದಿಗಿಲು ಹುಟ್ಟಿಸುವ ಗಳಿಗೆ ಎಂದರೆ ಇದು: ಕ್ಲಾಂಪ್ ತೆರೆದಿದೆ, ಕೆಳಗಿನ ಖಾಲಿ ಚೀಲ ಹಾಗೇ ಚಪ್ಪಟೆಯಾಗಿ ಬಿದ್ದಿದೆ, ಹೊಟ್ಟೆಯಲ್ಲಿ ಎರಡು ಲೀಟರ್ ನೀರಿದ್ದರೂ ಒಂದು ಹನಿ ಇಳಿಯುತ್ತಿಲ್ಲ. ಶಹಾಪುರದ ಹಳ್ಳಿಯಲ್ಲೋ ಔರಾದ್ ತಾಲ್ಲೂಕಿನಲ್ಲೋ ರಾತ್ರಿ ಹತ್ತಕ್ಕೆ ಹೀಗಾದರೆ, ತರಬೇತಿ ಕೊಟ್ಟ ಆಸ್ಪತ್ರೆ ಇರುವುದು ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ. ಆದರೆ ಇಂಥ ತೊಂದರೆಗಳಲ್ಲಿ ಬಹುಪಾಲು ಮನೆಯಲ್ಲೇ ಸರಿಹೋಗುತ್ತವೆ. ಕೆಡುವುದು ಗಾಬರಿಯಲ್ಲಿ ಮಾಡುವ ಎರಡು ಮೂರು ಕೆಲಸಗಳಿಂದ.

ಮೊದಲು ಸರಾಗವಾಗಿ ನಡೆಯುವಾಗಿನ ಲೆಕ್ಕ ತಿಳಿದಿರಲಿ. ಎರಡು ಲೀಟರ್ ಒಳಗೆ ಹೋಗಲು ಸುಮಾರು 10 ನಿಮಿಷ. ನಾಲ್ಕರಿಂದ ಆರು ತಾಸು ನಿಂತ ಮೇಲೆ ಹೊರಗೆ ಬರಲು 15ರಿಂದ 20 ನಿಮಿಷ. ಹೆಚ್ಚಿನ ಪಾಲು ಮೊದಲ ಹತ್ತು ನಿಮಿಷದಲ್ಲೇ ಬಂದುಬಿಡುತ್ತದೆ, ಉಳಿದದ್ದು ತೊಟ್ಟಿಕ್ಕುತ್ತದೆ. ಅರ್ಧ ಗಂಟೆಯಾದರೂ ಚೀಲ ಅರ್ಧಕ್ಕೆ ಬರದಿದ್ದರೆ ಎಲ್ಲೋ ತಡೆ ಇದೆ ಎಂದೇ ತಿಳಿಯಿರಿ.

ಹೊಸ ನೀರು ಬಿಡಲೇಬೇಡಿ

ಹಳೆಯ ನೀರು ಬರಲಿಲ್ಲ, ಮೇಲಿನಿಂದ ಹೊಸದು ಬಿಟ್ಟರೆ ತಳ್ಳಿಕೊಂಡು ಬರುತ್ತದೆ ಎಂದು ಮನೆಯವರು ಚೀಲ ಬಿಟ್ಟುಬಿಡುತ್ತಾರೆ. ನೀರು ಬರುವುದಿಲ್ಲ, ಹೊಟ್ಟೆಯಲ್ಲಿ ನಾಲ್ಕು ಲೀಟರ್ ಕೂಡುತ್ತದೆ. ಉಸಿರು ಕಟ್ಟುತ್ತದೆ, ಹೊಕ್ಕುಳ ಅಥವಾ ತೊಡೆಸಂದಿನಲ್ಲಿ ಹರ್ನಿಯಾ ಉಬ್ಬುತ್ತದೆ, ಪೈಪ್ ಹೊರಬರುವ ಜಾಗದಲ್ಲಿ ಸೋರಿಕೆ ಶುರುವಾಗುತ್ತದೆ. ಹಳೆಯದು ಇಳಿಯುವವರೆಗೆ ಹೊಸದು ಬೇಡ. ಇದಕ್ಕೆ ಒಂದೇ ವಿನಾಯಿತಿ: ಪಿಡಿ ನರ್ಸ್ ಫೋನಿನಲ್ಲಿ ಹೇಳಿದರೆ 200 ಮಿಲಿಯಷ್ಟು ಮಾತ್ರ ಬಿಟ್ಟು ನೋಡುವುದು. ಅದು ನೀರು ತಳ್ಳುವುದಕ್ಕಲ್ಲ, ಒಳಹರಿವು ಸರಿಯಿದೆಯೇ ಎಂದು ತಿಳಿಯುವುದಕ್ಕೆ. ನೀರು ಒಳಗೆ ಸಲೀಸಾಗಿ ಹೋಗಿ ಹೊರಗೆ ಮಾತ್ರ ಬರದಿದ್ದರೆ ಸಾಮಾನ್ಯವಾಗಿ ಕಾರಣ ಕರುಳಿನ ಮಲ, ಇಲ್ಲವೇ ಹೊಟ್ಟೆಯೊಳಗೆ ಜಾಗ ತಪ್ಪಿದ ಪೈಪಿನ ತುದಿ. ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ ಎಂದರೆ ಪೈಪ್ ಮಡಚಿದೆ, ಅಥವಾ ಒಳಗೆ ಗರಣೆ ಕಟ್ಟಿದೆ. ಈ ಎರಡರ ವ್ಯತ್ಯಾಸ ಹೇಳಿದರೆ ಡಾಕ್ಟರ ಕೆಲಸ ಅರ್ಧ ಮುಗಿದ ಹಾಗೆ.

ಸಿರಿಂಜಿನಿಂದ ಎಳೆಯುವುದೂ ಬೇಡ. ಎಳೆದರೆ ಹೊಟ್ಟೆಯೊಳಗಿನ ಕೊಬ್ಬಿನ ಪೊರೆ ಕ್ಯಾಥೆಟರಿನ (ಹೊಟ್ಟೆಯೊಳಗೆ ಕೂರಿಸಿದ ಪೈಪಿನ) ಸಣ್ಣ ರಂಧ್ರಗಳೊಳಗೆ ಸಿಕ್ಕಿಕೊಳ್ಳುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ಯಾರಾದರೂ 'ಸಲೈನ್ ಹಾಕಿ ಸಾಫ್ ಮಾಡ್ತೀವಿ' ಎಂದರೂ ಪೈಪ್ ಕೊಡಬೇಡಿ. ಪಿಡಿ ಕಲಿಯದ ಕೈ ಆ ಪೈಪನ್ನು ಬಿಚ್ಚಬಾರದು.

ಚೀಲದಿಂದ ಹೊಟ್ಟೆಯವರೆಗೆ ಬೆರಳಾಡಿಸಿ

ಕೈ ತೊಳೆದು, ಏನನ್ನೂ ಬಿಚ್ಚದೆ, ಕೆಳಗಿನ ಚೀಲದಿಂದ ಮೇಲಕ್ಕೆ ಪೈಪನ್ನು ಮುಟ್ಟುತ್ತ ಬನ್ನಿ. ಕ್ಲಾಂಪ್ ಬಿಚ್ಚಿದೆಯೇ, ಕ್ಯಾಥೆಟರಿಗೆ ಜೋಡಿಸಿದ ಸಣ್ಣ ಪೈಪಾದ ಟ್ರಾನ್ಸ್‌ಫರ್ ಸೆಟ್‌ನ ತಿರುಪು ಪೂರ್ತಿ ತಿರುಗಿದೆಯೇ ನೋಡಿ. ಲುಂಗಿಯ ಗಂಟು, ಸೀರೆಯ ನೆರಿಗೆ, ಪ್ಯಾಂಟಿನ ಎಲಾಸ್ಟಿಕ್ ಇವುಗಳ ಕೆಳಗೆ ಪೈಪ್ ಸಿಕ್ಕಿಕೊಳ್ಳುವುದು ಬಹಳ. ಡ್ರೆಸ್ಸಿಂಗ್ ಪಟ್ಟಿಯ ಅಡಿಯಲ್ಲಿ ಕ್ಯಾಥೆಟರ್ ಮಡಚಿರುವುದು ಕಣ್ಣಿಗೆ ಬೀಳುವುದೇ ಇಲ್ಲ. ಹಿಂದಿನ ಬದಲಾವಣೆ (ಹಳೆಯ ನೀರು ಇಳಿಸಿ ಹೊಸದು ಬಿಡುವುದು) ಆದ ಮೇಲೆ ಡ್ರೆಸ್ಸಿಂಗ್ ಹೊಸದಾಗಿ ಹಾಕಿದ್ದರೆ ಮೊದಲು ಅದನ್ನೇ ಅನುಮಾನಿಸಿ.

ಇನ್ನೊಂದು, ಎತ್ತರ. ನೀರು ಬರುವುದು ಇಳಿಜಾರಿನ ಬಲದಿಂದ. ಚಾಪೆಯ ಮೇಲೆ ಕೂತು ಚೀಲವನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಇಳಿಜಾರೇ ಇಲ್ಲ. ಕುರ್ಚಿಯ ಮೇಲೆ ಅಥವಾ ಎತ್ತರದ ಮಂಚದ ಮೇಲೆ ಕೂತು, ಚೀಲವನ್ನು ಸ್ವಚ್ಛ ಟ್ರೇಯಲ್ಲಿ ಪರಸಿ ನೆಲದ ಮೇಲಿಡಿ. ಹೊಟ್ಟೆಗೂ ಚೀಲಕ್ಕೂ ಎರಡು ಅಡಿಗಿಂತ ಹೆಚ್ಚು ಅಂತರ ಇರಲಿ. ಕಾಲ್ಮಣೆ, ಸಣ್ಣ ಸ್ಟೂಲ್ ನಡೆಯುವುದಿಲ್ಲ.

ಮೂತ್ರ ಮಾಡಿ, ಭಂಗಿ ಬದಲಿಸಿ

ಮೂತ್ರ ಬರುವವರು ಮೊದಲು ಮೂತ್ರ ಮಾಡಿಕೊಳ್ಳಬೇಕು. ತುಂಬಿದ ಮೂತ್ರಕೋಶವೂ ತುದಿಯನ್ನು ಒತ್ತುತ್ತದೆ. ಆಮೇಲೆ ನಿಲ್ಲಿ, ಕೆಮ್ಮಿ, ಎಡಕ್ಕೆ ಐದು ನಿಮಿಷ, ಬಲಕ್ಕೆ ಐದು ನಿಮಿಷ ಹೊರಳಿ. ಮಂಚದ ಮೇಲೆ ಮೊಣಕಾಲೂರಿ ಎದೆಯನ್ನು ಹಾಸಿಗೆಗೆ ತಗ್ಗಿಸುವ ಭಂಗಿ ಕೆಲವರಿಗೆ ತಕ್ಷಣ ನೀರು ಬಿಡಿಸುತ್ತದೆ. ಪೈಪ್ ಜಗ್ಗದಂತೆ ಇನ್ನೊಬ್ಬರು ಹಿಡಿದುಕೊಂಡಿರಲಿ. ಯಾವ ಭಂಗಿಯಲ್ಲಿ ಬಂತು ಎಂದು ಪುಸ್ತಕದಲ್ಲಿ ಬರೆದಿಡಿ. ಹೊಟ್ಟೆಯನ್ನು ಕೈಯಿಂದ ಅಮುಕುವುದು ಬೇಡ.

ಕರುಳು ಖಾಲಿಯಾಗದೆ ನೀರು ಇಳಿಯದು

ಇಷ್ಟೂ ಮಾಡಿದರೂ ನೀರು ಬರದಿದ್ದರೆ ಹೆಚ್ಚಾಗಿ ಕಾರಣ ಮಲಬದ್ಧತೆ. ಇದನ್ನು ಕೇಳಿದರೆ 'ನಾನು ದಿನಾ ಸಂಡಾಸಕ್ಕೆ ಹೋಗ್ತೀನಲ್ಲ' ಎನ್ನುವವರೇ ಹೆಚ್ಚು. ದಿನಾ ಹೋಗುವುದು ಬೇರೆ, ಕರುಳು ಖಾಲಿಯಾಗುವುದು ಬೇರೆ. ಗಟ್ಟಿಯಾದ ಸಣ್ಣ ಉಂಡೆಗಳಾಗಿ ಬರುತ್ತಿದ್ದರೆ, ತಿಣುಕಬೇಕಾಗಿ ಬಂದರೆ, ಹೋಗಿ ಬಂದ ಮೇಲೂ ಭಾರ ಉಳಿದರೆ, ಎಕ್ಸ್‌ರೇ ತೆಗೆದಾಗ ಕರುಳಿನ ತುಂಬ ಮಲ ಕಾಣುತ್ತದೆ.

ಸಂಬಂಧ ಹೀಗೆ: ಕ್ಯಾಥೆಟರಿನ ತುದಿ ಹೊಟ್ಟೆಯ ತಳದಲ್ಲಿ, ಸೊಂಟದ ಮೂಳೆಗಳ ನಡುವಿನ ಕುಳಿಯಲ್ಲಿ ಇರಬೇಕು, ಏಕೆಂದರೆ ನೀರು ನಿಲ್ಲುವುದು ಅಲ್ಲಿ. ಅದೇ ಕುಳಿಯಲ್ಲಿ ದೊಡ್ಡ ಕರುಳಿನ ಕೊನೆಯ ಭಾಗವೂ ಇದೆ. ಅದು ಮಲದಿಂದ ಬಿಗಿದುಕೊಂಡರೆ ತುದಿಯ ರಂಧ್ರಗಳನ್ನು ಅಮುಕುತ್ತದೆ, ಇಲ್ಲವೇ ತುದಿಯನ್ನೇ ಮೇಲಕ್ಕೆ ತಳ್ಳುತ್ತದೆ. ತುದಿ ಪಕ್ಕೆಲುಬಿನ ಕಡೆಗೆ ಹೋದರೆ ತಳದ ನೀರು ತಳದಲ್ಲೇ ಉಳಿಯುತ್ತದೆ. ಕರುಳು ಖಾಲಿಯಾದಾಗ ಎಷ್ಟೋ ಸಲ ತುದಿ ತಾನಾಗಿ ಕೆಳಗೆ ಬರುತ್ತದೆ.

ಕಿಡ್ನಿ ಕಾಯಿಲೆಯವರಿಗೆ ಮಲ ಗಟ್ಟಿಯಾಗಲು ಕಾರಣಗಳು ಒಂದೆರಡಲ್ಲ. ರಂಜಕ ತಡೆಯಲು ಊಟದ ಜೊತೆ ಕೊಡುವ ಕ್ಯಾಲ್ಷಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಮಿತಿ ಹಾಕಿದ ನೀರು, ಪೊಟ್ಯಾಷಿಯಂ ಹೆದರಿಕೆಯಿಂದ ಪಲ್ಯ ಬಿಟ್ಟ ಊಟ, ಸಕ್ಕರೆ ಕಾಯಿಲೆಯಲ್ಲಿ ನಿಧಾನವಾಗುವ ಕರುಳು. ಇದರ ಮೇಲೆ ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲು; ಬೆವರಿನಲ್ಲಿ ಹೋದ ನೀರಿನ ಲೆಕ್ಕ ಯಾರೂ ಇಡುವುದಿಲ್ಲ. ಶ್ರಾವಣದ ಉಪವಾಸಕ್ಕೆ ಸಾಬುದಾನಿ ಖಿಚಡಿ ತಿಂದು ದಿನ ಕಳೆದವರಿಗೆ, ರೋಜಾ ಹಿಡಿದವರಿಗೆ ಎರಡು ಮೂರು ದಿನದಲ್ಲಿ ಡ್ರೇನ್ ನಿಧಾನವಾಗುವುದು ಕಾಣುತ್ತದೆ. ಉಪವಾಸ ಮಾಡುವುದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ ಔಷಧದ ಪ್ರಮಾಣ ಬದಲಿಸಿಕೊಳ್ಳಿ.

ಔಷಧದಲ್ಲಿ ಎಲ್ಲವೂ ಒಂದೇ ಅಲ್ಲ. ಪಿಡಿಯವರಿಗೆ ಸಾಮಾನ್ಯವಾಗಿ ಬರೆದುಕೊಡುವುದು ಲ್ಯಾಕ್ಟುಲೋಸ್ ಸಿರಪ್, ರಾತ್ರಿ 15ರಿಂದ 30 ಮಿಲಿ. ಸಿಹಿಯಾಗಿದೆ ಎಂದು ಸಕ್ಕರೆ ಕಾಯಿಲೆಯವರು ಬಿಡಬೇಕಾಗಿಲ್ಲ, ಅದರ ಬಹುಭಾಗ ರಕ್ತಕ್ಕೆ ಸೇರುವುದಿಲ್ಲ. ಆದರೆ ಅದು ಕೆಲಸ ಮಾಡಲು ಒಂದೆರಡು ದಿನ ಬೇಕು. ಒಂದು ರಾತ್ರಿ ಕುಡಿದು 'ಉಪಯೋಗವಿಲ್ಲ' ಎಂದು ನಿಲ್ಲಿಸಬೇಡಿ. ಬೇಗ ಬೇಕಾದಾಗ ಬಿಸಾಕೊಡಿಲ್ ಮಾತ್ರೆ 5ರಿಂದ 10 ಮಿಲಿಗ್ರಾಂ, ರಾತ್ರಿ ನುಂಗಿದರೆ ಬೆಳಿಗ್ಗೆ ಕೆಲಸ ಮಾಡುತ್ತದೆ. ಇನ್ನೂ ಬೇಗ ಬೇಕೆಂದರೆ ಅದರದ್ದೇ 10 ಮಿಲಿಗ್ರಾಂ ಗುದದ ಗುಳಿಗೆ. ಹೆಚ್ಚೆಂದರೆ ಒಂದು ತಾಸಿನೊಳಗೆ ಕರುಳು ಸಡಿಲವಾಗುತ್ತದೆ. ಇವನ್ನು ಡಾಕ್ಟರ್ ಮೊದಲೇ ಬರೆದುಕೊಟ್ಟಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಹಳ್ಳಿಯಲ್ಲಿ ಮೆಡಿಕಲ್ ತೆರೆದಿರುವುದಿಲ್ಲ.

ಅಂಗಡಿಯವರು ಕೊಟ್ಟರೂ ತರಬಾರದ್ದು ಇವು. ಮೆಗ್ನೀಷಿಯಂ ಇರುವ ಸಿರಪ್‌ಗಳು: ಕೆಟ್ಟ ಕಿಡ್ನಿ ಮೆಗ್ನೀಷಿಯಂ ಹೊರಹಾಕಲಾರದು, ಅದು ರಕ್ತದಲ್ಲಿ ಏರುತ್ತದೆ. ಬಾಟಲಿಯ ಮೇಲಿನ ಸಣ್ಣ ಅಕ್ಷರದಲ್ಲಿ ಈ ಹೆಸರು ಇದೆಯೇ ಓದಿಸಿ. ಫಾಸ್ಫೇಟ್ ಎನಿಮಾ: ಇನ್ನೂ ಅಪಾಯ, ರಂಜಕ ಒಮ್ಮೆಲೇ ಏರುತ್ತದೆ, ಆಸ್ಪತ್ರೆಯಲ್ಲಿ ಎನಿಮಾ ಕೊಡಲು ಬಂದರೂ 'ಡಯಾಲಿಸಿಸ್ ಪೇಷಂಟ್' ಎಂದು ಮೊದಲೇ ಹೇಳಿ. ಇಸಬ್ಗೋಲ್ ಉಬ್ಬಲು ಗ್ಲಾಸುಗಟ್ಟಲೆ ನೀರು ಬೇಕು. ನೀರಿನ ಮಿತಿ ಇರುವವರಲ್ಲಿ ಅದೇ ಗಟ್ಟಿಯಾಗಿ ಕೂರುತ್ತದೆ. ಸಂತೆಯ ಚೂರ್ಣಗಳಲ್ಲಿ ಉಪ್ಪು, ಕರಿಯುಪ್ಪು ಸೇರಿರುತ್ತವೆ, ಒಳಗೆ ಮತ್ತೇನಿದೆ ತಿಳಿಯದು. ಹರಳೆಣ್ಣೆ ಕುಡಿಸಿ ಹತ್ತು ಸಲ ಭೇದಿ ಮಾಡಿಸುವುದೂ ಬೇಡ. ಜೋರು ಭೇದಿಯಲ್ಲಿ ಕರುಳಿನ ಸೋಂಕು ಹೊಟ್ಟೆಯ ಪೊರೆಗೆ ದಾಟುವ ಭಯವಿದೆ. ಬಾಳೆಹಣ್ಣು, ಪುಂಡಿಪಲ್ಯ ಎಷ್ಟು ತಿನ್ನಬಹುದು ಎಂಬುದನ್ನು ಇತ್ತೀಚಿನ ಪೊಟ್ಯಾಷಿಯಂ ವರದಿ ತೋರಿಸಿ ಕೇಳಿ. ಜೋಳದ ರೊಟ್ಟಿ ಬಿಟ್ಟು ಬರೀ ಅನ್ನ ತಿನ್ನಲು ಶುರುಮಾಡುವುದಂತೂ ಖಂಡಿತ ತಪ್ಪು ದಾರಿ.

ಗುರಿ ಇಷ್ಟೇ: ದಿನಕ್ಕೆ ಒಂದೆರಡು ಸಲ ಮೆತ್ತಗೆ ಹೋಗಬೇಕು. ನೀರು ಬರಲು ಶುರುವಾದ ಕೂಡಲೇ ಸಿರಪ್ ನಿಲ್ಲಿಸಬೇಡಿ.

ಬಿಳಿ ಎಳೆಗಳು ಕಂಡರೆ

ಇಳಿದ ನೀರಿನಲ್ಲಿ ಹತ್ತಿಯ ಎಳೆಯಂಥದ್ದು ತೇಲಿದರೆ ಅದು ಫೈಬ್ರಿನ್, ಗರಣೆ ಕಟ್ಟಿಸುವ ಪ್ರೋಟೀನಿನ ಎಳೆ. ನೀರು ತಿಳಿಯಾಗಿದ್ದು ಎಳೆ ಒಂದೆರಡು ಇದ್ದರೆ ಭಯವಿಲ್ಲ. ಹೆಚ್ಚಾದರೆ ಪೈಪಿನೊಳಗೆ ಕಟ್ಟಿಕೊಳ್ಳುತ್ತದೆ. ಡಾಕ್ಟರು ಚೀಲಕ್ಕೆ ಹೆಪಾರಿನ್ ಸೇರಿಸಲು ಹೇಳಬಹುದು, ಸಾಮಾನ್ಯವಾಗಿ ಲೀಟರಿಗೆ 500ರಿಂದ 1000 ಯೂನಿಟ್. ಇಲ್ಲಿ ಒಂದು ದೊಡ್ಡ ಅಪಾಯವಿದೆ: ಅದೇ 5 ಮಿಲಿ ಸೀಸೆ ಎರಡು ಬಲದಲ್ಲಿ ಸಿಗುತ್ತದೆ, ಒಂದರಲ್ಲಿ ಮಿಲಿಗೆ 1000 ಯೂನಿಟ್, ಇನ್ನೊಂದರಲ್ಲಿ 5000. ಹಿಂದಿನ ಸಲದಷ್ಟೇ ಮಿಲಿ ಎಳೆದರೆ ಐದು ಪಟ್ಟು ಹೋಗಬಹುದು. ಪ್ರತಿ ಸಲ ಸೀಸೆ ಓದಿ, ಫೋಟೊ ತೆಗೆದು ನರ್ಸಿಗೆ ಕಳಿಸಿ, ಆಮೇಲೆ ಎಳೆಯಿರಿ. ಹೆಪಾರಿನ್ ಹೊಸ ಗರಣೆ ಕಟ್ಟದಂತೆ ತಡೆಯುತ್ತದೆ, ಕಟ್ಟಿದ್ದನ್ನು ಕರಗಿಸುವುದಿಲ್ಲ. ಮುಟ್ಟಿನ ದಿನಗಳಲ್ಲಿ ನೀರು ತುಸು ಕೆಂಪಾಗುವುದುಂಟು, ಆದರೂ ನರ್ಸಿಗೆ ತಿಳಿಸಿ.

ತಡೆಯೋ, ಕಡಿಮೆಯೋ?

ಕಡಿಮೆ ನೀರು ಬಂದದ್ದೆಲ್ಲ ಪೈಪಿನ ತಪ್ಪಲ್ಲ. ನಿಧಾನವಾಗಿ ಬಂದು, ಹೊಟ್ಟೆ ಇನ್ನೂ ಭಾರವಿದ್ದು, ಮುಂದಿನ ಸಲ ಹೆಚ್ಚು ಬಂದರೆ ಅದು ಹರಿವಿನ ತಡೆ. ಎಂದಿನ ವೇಗದಲ್ಲೇ ಬಂದು ಬೇಗ ಮುಗಿದು, ತೂಕದಲ್ಲಿ ಕಡಿಮೆಯಾದರೆ ದೇಹ ಹೀರಿಕೊಂಡಿದೆ, ಇಲ್ಲವೇ ಎಲ್ಲೋ ಸೋರಿದೆ. 1.5 ಶೇಕಡ ಸಕ್ಕರೆಯಂಶದ (ಡೆಕ್ಸ್‌ಟ್ರೋಸ್) ಚೀಲವನ್ನು ರಾತ್ರಿಯಿಡೀ ಬಿಟ್ಟರೆ ಹಾಕಿದ್ದಕ್ಕಿಂತ ಕಡಿಮೆ ಬರುವುದು ಸಹಜ. ವೃಷಣ ಅಥವಾ ಒಂದು ಪಕ್ಕೆ ಊದಿದರೆ, ಡ್ರೆಸ್ಸಿಂಗ್ ಒದ್ದೆಯಾದರೆ, ಮಲಗಿದಾಗ ಉಸಿರು ಕಟ್ಟಿದರೆ ಸೋರಿಕೆ ಇರಬಹುದು. ಎದೆಯ ಬಲಭಾಗಕ್ಕೆ ನೀರು ಸೇರುವುದುಂಟು. ಆಗ ಚೀಲ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಹೇಳಿಸಿಕೊಳ್ಳದೆ 2.5 ಅಥವಾ 4.25 ಶೇಕಡ ಚೀಲಕ್ಕೆ ಹಾರಬೇಡಿ.

ಇದನ್ನೆಲ್ಲ ಕಣ್ಣಂದಾಜಿನಲ್ಲಿ ಹೇಳಲಾಗದು. ತೂಕಕ್ಕೆ ಸಂತೆಯ ಸ್ಪ್ರಿಂಗ್ ತಕ್ಕಡಿ ಕೊಳ್ಳಬೇಡಿ, ಅದರ ಗೆರೆಗಳು ದೂರದೂರ ಇರುತ್ತವೆ. ಲಗೇಜ್ ತೂಗುವ ಡಿಜಿಟಲ್ ತಕ್ಕಡಿ ಒಳ್ಳೆಯದು. ಒಂದು ಮಿಲಿ ಸುಮಾರು ಒಂದು ಗ್ರಾಂ. ಖಾಲಿ ಚೀಲದ ತೂಕ ಕಳೆದು ಬರೆಯಿರಿ. ಹಾಕಿದ್ದು, ಬಂದದ್ದು, ಎಷ್ಟು ನಿಮಿಷ, ಮಲವಾಯಿತೇ: ಈ ನಾಲ್ಕು ಕಾಲಂ ಸಾಕು.

ತಡಮಾಡದೆ ಹೊರಡಬೇಕಾದಾಗ

ಇಳಿದ ಚೀಲವನ್ನು ಈ ಪತ್ರಿಕೆಯ ಮೇಲಿಡಿ. ನೀರಿನ ಮೂಲಕ ಅಕ್ಷರ ಓದಲಾಗದಿದ್ದರೆ ಅದು ಕದಡಿದೆ, ಪೆರಿಟೋನೈಟಿಸ್ (ಹೊಟ್ಟೆಯ ಪೊರೆಯ ಸೋಂಕು) ಎಂದೇ ತಿಳಿದು ಅದೇ ದಿನ ಹೋಗಬೇಕು. ಹೊಟ್ಟೆನೋವು, ಜ್ವರ ಬಂದರೂ ಅಷ್ಟೇ, ಅಕ್ಷರ ಓದಲಾದರೂ ಕಾಯಬೇಡಿ. ಚೀಲವನ್ನು ಚೆಲ್ಲದೆ, ಕ್ಲಾಂಪ್ ಹಾಕಿ, ಬಿಸಿಲಿಗೆ ಇಡದೆ ಜೊತೆಗೆ ಒಯ್ಯಿರಿ. ಪರೀಕ್ಷೆ ಮಾಡುವುದು ಅದನ್ನೇ. ಎರಡು ಬದಲಾವಣೆಯ ಹೊತ್ತು ಮೀರಿದರೂ ನೀರು ಬರದಿದ್ದರೆ ಬೆಳಗಾಗುವುದನ್ನು ಕಾಯುತ್ತ ಕೂರಬೇಡಿ. ದಾರಿಯಲ್ಲಿ ನೀರು, ಉಪ್ಪು, ಹಣ್ಣಿನ ರಸ ಬೇಡ. ಎರಡು ಮುಚ್ಚಳ, ಒಂದು ಕ್ಲಾಂಪ್, ಮಾಸ್ಕ್, ಲೆಕ್ಕದ ಪುಸ್ತಕ ಕೈಚೀಲದಲ್ಲಿರಲಿ.

ದೂರದ ಆಸ್ಪತ್ರೆಗೆ ಹೊರಡುವ ಮೊದಲು ಹತ್ತಿರದಲ್ಲೇ ಎಕ್ಸ್‌ರೇ ಆಗುವುದಾದರೆ ಮಾಡಿಸಿ. ನಿಂತು ತೆಗೆದ ಹೊಟ್ಟೆಯ ಎಕ್ಸ್‌ರೇ, ಕೆಳಗೆ ಸೊಂಟದ ಮೂಳೆ ಪೂರ್ತಿ ಬರಬೇಕು ಎಂದು ಹೇಳಿ. ಅದು ಕತ್ತರಿಸಿಹೋದರೆ ತುದಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ, ಮತ್ತೊಮ್ಮೆ ತೆಗೆಸಬೇಕು. ಅದರ ಫೋಟೊ ನೋಡಿ ಕಿಡ್ನಿ ತಜ್ಞರು ಸಿರಪ್ ಸಾಕೋ, ಬರಲೇಬೇಕೋ ಹೇಳಬಲ್ಲರು.

ಆಸ್ಪತ್ರೆಯಲ್ಲಿ ಗರಣೆ ಕರಗಿಸುವ ಔಷಧ ಪೈಪಿಗೆ ಹಾಕಬಹುದು, ತಂತಿಯಿಂದ ತುದಿಯನ್ನು ಕೆಳಗೆ ತರಬಹುದು. ಕೊಬ್ಬಿನ ಪೊರೆ ಸುತ್ತಿಕೊಂಡಿದ್ದರೆ ಲ್ಯಾಪರೋಸ್ಕೋಪಿಯಲ್ಲಿ ಬಿಡಿಸಿ, ಪೊರೆಯನ್ನು ಮೇಲಕ್ಕೆ ಹೊಲಿಯುತ್ತಾರೆ. ಆಪರೇಷನ್ ಆದವರಿಗೆ ಕೆಲವು ದಿನ ಕಡಿಮೆ ನೀರು, ಮಲಗಿಕೊಂಡೇ ಡಯಾಲಿಸಿಸ್. ಎಷ್ಟು, ಎಷ್ಟು ದಿನ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ. ಮಲ ಸಡಿಲಿಸುವ ಔಷಧದ ಹೆಸರು, ಪ್ರಮಾಣವೂ ಆ ಚೀಟಿಯಲ್ಲೇ ಇರಲಿ.