ಹದಿನಾಲ್ಕು ಅವರೆಕಾಳು ಮತ್ತು ಪಿಎಚ್‌ಕ್ಯು-9: ನನ್ನ ಅನುಭವ

ಪಿಎಚ್.ಡಿ.ಯ ಎರಡನೇ ವರ್ಷದ ಪ್ರಗತಿ ಪರಿಶೀಲನಾ ಸಭೆಯಲ್ಲಿ ನಾನು ಸ್ಟೀಲ್ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು, ಅದರಲ್ಲಿ ಹದಿನಾಲ್ಕು ಒಣ ಅವರೆಕಾಳುಗಳನ್ನು ಸಾಲಾಗಿ ಜೋಡಿಸಿದಾಗ, ಸಮಿತಿಯ ಹಿರಿಯರೊಬ್ಬರು ‘ಇಷ್ಟು ಕಾಳು ಸಾರಿಗೂ ಸಾಲುವುದಿಲ್ಲವಲ್ಲಮ್ಮ’ ಎಂದು ನಕ್ಕರು. ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿಯಾದ ಪಿಎಚ್‌ಕ್ಯು-9ರಂತಹ ಪ್ರಮಾಣೀಕೃತ ಮಾಪನವನ್ನು ಮಕ್ಕಳಾಟ ಮಾಡುತ್ತಿದ್ದೇನೆ ಎಂಬುದು ಉಳಿದವರ ಆಕ್ಷೇಪವಾಗಿತ್ತು. ಈಗ ಅದೇ ತಟ್ಟೆಯನ್ನು ನನ್ನ ಜೊತೆಯ ಇಬ್ಬರು ಸಂಶೋಧಕರು ಕೇಳಿ ಪಡೆದುಕೊಂಡು ಹೋಗಿದ್ದಾರೆ. ಆ ಸಂತೋಷದಲ್ಲಿಯೇ ಇದನ್ನು ಬರೆಯುತ್ತಿದ್ದೇನೆ.

ಪಿಎಚ್‌ಕ್ಯು-9 ಬಳಸಿದವರಿಗೆ ಅದರ ತೊಡಕು ಗೊತ್ತೇ ಇರುತ್ತದೆ. ಒಂಬತ್ತು ಪ್ರಶ್ನೆಗಳನ್ನು ಹೇಗೋ ಆಡುಮಾತಿಗೆ ತರಬಹುದು, ಆದರೆ ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಹಾಗಾಯಿತು ಎಂಬುದಕ್ಕೆ ಆರಿಸಬೇಕಾದ, ಸೊನ್ನೆಯಿಂದ ಮೂರರವರೆಗೆ ಅಂಕವಿರುವ ಆ ನಾಲ್ಕು ಉತ್ತರಗಳು ಓದುಬರಹ ಬಾರದವರ ಮುಂದೆ ನಿಲ್ಲುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ಕಾದ ಮನೋಚೈತನ್ಯಕ್ಕೆ ಬರುವ ಮಹಿಳೆಯರಿಗೆ ‘ಕೆಲವು ದಿನಗಳೋ, ಅರ್ಧಕ್ಕಿಂತ ಹೆಚ್ಚು ದಿನಗಳೋ’ ಎಂದು ಕೇಳಿದರೆ, ‘ಬತ್ತದೆ ವೋಯ್ತದೆ ಕನವ್ವ’ ಎಂಬ ಉತ್ತರ ಸಿಗುತ್ತಿತ್ತು. ಅದನ್ನು ಒಂದು ಎಂದು ಬರೆಯಬೇಕೋ ಎರಡು ಎಂದು ಬರೆಯಬೇಕೋ ಎಂಬುದು ಕೇಳುವವರ ಮನಸ್ಸಿಗೆ ಬಿಟ್ಟಂತೆ ಆಗುತ್ತಿತ್ತು. ಒಟ್ಟು ಅಂಕ 27ಕ್ಕೆ ಇರುವಾಗ, ಖಿನ್ನತೆ ಇರಬಹುದು ಎಂದು ಸೂಚಿಸುವ 10 ಎಂಬ ಗಡಿಯ ಆಚೀಚೆ ಇರುವವರ ವಿಷಯದಲ್ಲಿ ಇಂತಹ ಎರಡು ಊಹೆಗಳು ಸೇರಿದರೆ ಸಾಕು, ಇಡೀ ದತ್ತಾಂಶ ಕೆಡುತ್ತದೆ.

ಕಾಳಿಗೆ ಬರುವ ಮೊದಲು ನಾನು ಕಳೆದುಕೊಂಡ ಸಮಯ ಮತ್ತು ಹಣದ ಲೆಕ್ಕವನ್ನೂ ಹೇಳಬೇಕು. ಮೊದಲು ನಗುವ, ಅಳುವ ಮುಖಗಳ ಚಿತ್ರಗಳನ್ನು ಲ್ಯಾಮಿನೇಷನ್ ಮಾಡಿಸಿದೆ. ನೋಡಿದವರೆಲ್ಲ ನಗುವ ಮುಖವನ್ನೇ ಮುಟ್ಟಿದರು, ಏಕೆಂದರೆ ಅದೇ ನೋಡಲು ಲಕ್ಷಣವಾಗಿದೆ ಎಂದು ಅವರಿಗೆ ಅನಿಸಿತ್ತು. ಅನಂತರ ಪ್ರಶ್ನೆಗಳನ್ನು ಧ್ವನಿಯಲ್ಲಿ ಕೇಳಿಸುವ ವ್ಯವಸ್ಥೆ ಮಾಡೋಣವೆಂದು ಟ್ಯಾಬ್ಲೆಟ್ ಕೊಂಡೆ. ಅದಕ್ಕೆ ಹದಿನಾಲ್ಕೋ ಹದಿನೈದೋ ಸಾವಿರ ರೂಪಾಯಿ, ಧ್ವನಿಮುದ್ರಣಕ್ಕೆ ಇನ್ನೊಂದು ನಾಲ್ಕು ಸಾವಿರ ಖರ್ಚಾಯಿತು. ಫೆಲೋಶಿಪ್ ಮೊತ್ತ ತಿಂಗಳಿಗೆ 37,000 ರೂಪಾಯಿ ಎಂದು ಕೇಳಿದವರಿಗೆ ಇದು ದೊಡ್ಡದೆನಿಸದಿರಬಹುದು, ಆದರೆ ಆ ವರ್ಷ ಸುಮಾರು ಐದು ತಿಂಗಳು ಹಣ ಬಂದಿರಲಿಲ್ಲ. ಟ್ಯಾಬ್ಲೆಟ್ಟಿಗೆ ಅಕ್ಕನಿಂದ ಸಾಲ ಪಡೆದಿದ್ದೆ. ಆಸ್ಪತ್ರೆಯ ಪಡಸಾಲೆಯಲ್ಲಿ ‘ಸಾಯಬೇಕು ಎನಿಸಿದೆಯೇ’ ಎಂದು ಯಂತ್ರ ಗಟ್ಟಿಯಾಗಿ ಕೇಳಿದಾಗ ಪಕ್ಕದ ಬೆಂಚಿನವರೆಲ್ಲ ತಿರುಗಿ ನೋಡಿದರು, ಮತ್ತು ಆ ದಿನವೇ ಅದನ್ನು ಚೀಲಕ್ಕೆ ಹಾಕಿದೆ. ಈಗ ಅದರಲ್ಲಿ ನನ್ನ ಸೋದರಳಿಯ ಆಟವಾಡುತ್ತಾನೆ.

ಎರಡು ವಾರಗಳಿಗೆ ಹದಿನಾಲ್ಕು ದಿನ, ದಿನಕ್ಕೊಂದು ವಸ್ತು ಎಂಬ ಸರಳ ಆಲೋಚನೆ ಬಂದದ್ದು ಆಮೇಲೆ. ಕೆಟ್ಟಿದ್ದ ದಿನಗಳಷ್ಟನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸಿದರೆ ಮುಗಿಯಿತು. ಸರಿಸಿದ್ದು ಒಂದರವರೆಗೆ ಇದ್ದರೆ ಸೊನ್ನೆ, ಎರಡರಿಂದ ಆರಕ್ಕೆ ಒಂದು, ಏಳರಿಂದ ಹನ್ನೊಂದಕ್ಕೆ ಎರಡು, ಹನ್ನೆರಡರಿಂದ ಹದಿನಾಲ್ಕಕ್ಕೆ ಮೂರು ಅಂಕ. ಈ ವಿಭಜನೆ ನನ್ನ ಸ್ವಂತದ್ದಲ್ಲ, ದಿನಗಳ ಎಣಿಕೆಯಲ್ಲಿ ಕೇಳುವ ಸಮೀಕ್ಷೆಗಳಲ್ಲಿ ಬಳಕೆಯಲ್ಲಿರುವುದೇ. ಮೊದಲು ಒಂದು ರೂಪಾಯಿ ನಾಣ್ಯಗಳನ್ನು ಇಟ್ಟೆ. ಸರಿಸಿದಷ್ಟು ದುಡ್ಡು ತಮಗೆ ಸಿಗುತ್ತದೆ ಎಂದುಕೊಂಡವರು ಕೆಲವರು, ಪರರ ದುಡ್ಡು ಮುಟ್ಟಲೊಲ್ಲೆ ಎಂದವರು ಕೆಲವರು. ಹುಣಸೆ ಬೀಜ ಇಟ್ಟರೆ ಚೌಕಾಬಾರದ ನೆನಪಾಗಿ ನಗೆ ಬಂತು. ಅಕ್ಕಿ ಮಂತ್ರಾಕ್ಷತೆಯಾಗುತ್ತದೆ, ಜೊತೆಗೆ ಬೆರಳಿಗೆ ಸಿಗುವುದಿಲ್ಲ. ಅವರೆಕಾಳು ಬೆರಳಿಗೆ ಸಿಗುತ್ತದೆ, ಉರುಳಿ ಹೋಗುವುದಿಲ್ಲ, ನಮ್ಮ ಕಡೆ ಎಲ್ಲರ ಮನೆಯದ್ದು. ಅರ್ಧ ಕೆ.ಜಿ. ಕಾಳು ಮತ್ತು ಎರಡು ತಟ್ಟೆ ಸೇರಿ ಇನ್ನೂರೈವತ್ತು ರೂಪಾಯಿಯ ಒಳಗೇ ಆಯಿತು.

ಆದರೂ ಮೊದಲ ವಾರ ಒಬ್ಬ ಅಜ್ಜಿ ತಟ್ಟೆ ನೋಡಿ ಕೈಮುಗಿದು ಕುಳಿತು, ತನ್ನ ಮಗನಿಗೆ ಹೆಣ್ಣು ಯಾವಾಗ ಸಿಗುತ್ತದೆ ಎಂದು ಕೇಳಿದರು. ಕಣಿ ಹೇಳುವವಳೆಂದು ಭಾವಿಸಿದ್ದರು. ಅಂದಿನಿಂದ ಕಾಳನ್ನು ನಾನು ಮುಟ್ಟುವುದನ್ನೇ ಬಿಟ್ಟೆ. ಡಬ್ಬಿಯಿಂದ ಎಣಿಸಿ ಹಾಕುವವರೂ ಅವರೇ, ಸರಿಸುವವರೂ ಅವರೇ. ಏಳು ಏಳರಂತೆ ಎರಡು ಸಾಲು ಮಾಡಿಸದೆ ಗುಡ್ಡೆಯಾಗಿ ಬಿಟ್ಟರೆ, ಜನ ದಿನ ಎಣಿಸುವುದನ್ನು ಬಿಟ್ಟು ಒಂದು ಹಿಡಿ ಆಚೆ ತಳ್ಳಿಬಿಡುತ್ತಾರೆ; ಮೊದಲ ಹತ್ತು ಹನ್ನೆರಡು ಜನರ ಉತ್ತರಗಳನ್ನು ನಾನು ಇದೇ ಕಾರಣಕ್ಕೆ ಕೈಬಿಡಬೇಕಾಯಿತು. ಹದಿನಾಲ್ಕು ದಿನಗಳ ಆರಂಭವನ್ನು ತಾರೀಖಿನಿಂದ ಹೇಳಿದರೆ ಪ್ರಯೋಜನವಿಲ್ಲ. ಸಂತೆಯಿಂದ ಎಣಿಸಿದರೆ, ಅಂದರೆ ‘ಹೋದ ಸಂತೆಗೂ ಹಿಂದಿನ ಸಂತೆಯಿಂದ’ ಎಂದರೆ, ಅಥವಾ ಅಮಾವಾಸ್ಯೆ, ಹುಣ್ಣಿಮೆ ಹತ್ತಿರವಿದ್ದರೆ ಅಲ್ಲಿಂದ ಎಂದರೆ, ನೆನಪು ತಾನೇ ಜೋಡಣೆಯಾಗುತ್ತದೆ.

ನನ್ನನ್ನು ನಿಜವಾಗಿ ಸತಾಯಿಸಿದ್ದು ಏಳನೇ ಕಾಳು. ಸರಿಯಾಗಿ ನೆನಪಿಲ್ಲದವರು ಒಂದು ಸಾಲನ್ನು ಪೂರ್ತಿ ಸರಿಸುತ್ತಾರೆ, ಏಳು ಎಂದರೆ ಅಂಕ ಎರಡು, ಹೀಗಾಗಿ ಎಷ್ಟೋ ಜನರ ಒಟ್ಟು ಅಂಕ ಸುಮ್ಮನೆ ಎರಡು ಮೂರು ಮೇಲೇರಿತ್ತು. ಇದನ್ನು ಕಂಡುಹಿಡಿದದ್ದು ನಾನಲ್ಲ, ನಾನು ವಾರಕ್ಕೆ ಆರು ಗಂಟೆ ಪಾಠ ಮಾಡುವ ಎಂ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿಗಳು. ಸಂದರ್ಶನದ ಪ್ರಾಯೋಗಿಕ ತರಗತಿಯಲ್ಲಿ ಒಬ್ಬರಿಗೊಬ್ಬರು ತಟ್ಟೆ ಹಿಡಿದು ಕೇಳಿಕೊಳ್ಳುವಾಗ, ಎಲ್ಲರ ತಟ್ಟೆಯಲ್ಲೂ ಏಳೇ ಏಕೆ ಬರುತ್ತಿದೆ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಪಾಠ ಹೇಳುವುದರಿಂದ ಸಂಶೋಧನೆಗೆ ಸಮಯ ಹಾಳು ಎಂದು ಗೊಣಗುತ್ತಿದ್ದವಳು ನಾನು. ಆ ಗೊಣಗಾಟ ಅಂದಿಗೆ ನಿಂತಿತು. ಸಾಲಿನ ಪರಿಹಾರವನ್ನು ಈಗ ಕಂಡುಕೊಂಡಿದ್ದೇನೆ, ತಟ್ಟೆಯ ಜೋಡಣೆಯಲ್ಲೇ ಒಂದು ಸಣ್ಣ ಬದಲಾವಣೆ ಅದು. ಪ್ರಬಂಧ ಪ್ರಕಟವಾಗುವವರೆಗೆ ಅದನ್ನೂ, ಮೊದಲ ಪ್ರಶ್ನೆಯ ‘ಆಸಕ್ತಿ’ಗೆ ಬದಲಾಗಿ ನಾನು ಬಳಸುವ ಆಡುಮಾತನ್ನೂ ಇಲ್ಲಿ ಹೇಳಲಾರೆ, ಸಹೋದ್ಯೋಗಿಗಳು ಕ್ಷಮಿಸಬೇಕು. ‘ಆಸಕ್ತಿ’ ಎಂದರೆ ಮಾತ್ರ ಕೆಲಸವಾಗುವುದಿಲ್ಲ: ‘ಆಸಕ್ತಿ ಇರಲಿ ಬಿಡಲಿ, ಹಸುವಿಗೆ ಹುಲ್ಲು ಹಾಕಲೇಬೇಕಲ್ಲ’ ಎಂದು ಒಬ್ಬರು ನನ್ನ ಬಾಯಿ ಮುಚ್ಚಿಸಿದ್ದರು.

ಸಾವಿನ ಯೋಚನೆಯ ಕುರಿತಾದ ಒಂಬತ್ತನೇ ಪ್ರಶ್ನೆಗೆ ನಾನು ಕಾಳನ್ನು ಬಳಸುವುದಿಲ್ಲ. ಎಂ.ಫಿಲ್. ತರಬೇತಿಯಲ್ಲಿ ನನ್ನ ಮೇಲ್ವಿಚಾರಕಿ ಕಲಿಸಿದ್ದೊಂದು ಶಿಸ್ತು, ಸಾವಿನ ಮಾತನ್ನು ಮುಖ ನೋಡಿ ನೇರವಾಗಿ ಕೇಳಬೇಕು ಎಂಬುದು. ಆ ಪ್ರಶ್ನೆ ಬಂದಾಗ ತಟ್ಟೆಯನ್ನು ಪಕ್ಕಕ್ಕಿಟ್ಟು, ಬಾಗಿಲು ಮುಚ್ಚಿ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಮಾತನಾಡುತ್ತೇನೆ. ಅಂಕ ಬರೆಯುವುದು ಆಮೇಲೆ. ಅಂತಹ ಯೋಚನೆ ಒಂದೇ ದಿನ ಬಂದಿದ್ದರೂ ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲೇ ಉಳಿಸಿಕೊಡುತ್ತೇನೆ.

ವಿಧಾನ ಬದಲಾದ್ದರಿಂದ ನೈತಿಕ ಸಮಿತಿಯ ಅನುಮತಿಯನ್ನು ಮತ್ತೆ ಪಡೆಯಬೇಕಾಯಿತು, ಅದಕ್ಕೆ ಮೂರು ತಿಂಗಳು ಹಿಡಿಯಿತು. ಆಮೇಲಿನ ಪರೀಕ್ಷೆಯಲ್ಲಿ ಸುಮಾರು ಅರವತ್ತು ಜನರಿಗೆ ಒಂದೇ ದಿನ ಎರಡೂ ರೀತಿಯಲ್ಲಿ ಕೇಳಿದೆವು. ಅರ್ಧದಷ್ಟು ಜನರಿಗೆ ಕಾಳು ಮೊದಲು, ಉಳಿದವರಿಗೆ ಬಾಯಿಮಾತು ಮೊದಲು. ಬಾಯಿಮಾತಿನಲ್ಲಿ ಹದಿನೈದಕ್ಕೂ ಹೆಚ್ಚು ಜನ ಯಾವುದಾದರೂ ಒಂದು ಪ್ರಶ್ನೆಗೆ ನಡುವಿನ ಎರಡು ಉತ್ತರಗಳಲ್ಲಿ ಆಯ್ಕೆ ಮಾಡಲಾಗದೆ ಕೈಚೆಲ್ಲಿದರು, ಕಾಳಿನಲ್ಲಿ ಹಾಗಾದವರು ಮೂರೋ ನಾಲ್ಕೋ ಜನ. ಅಂಕ ನೋಡದೆಯೇ ಸಂದರ್ಶನ ಮಾಡಿದ ಮನೋವೈದ್ಯರ ನಿರ್ಣಯಕ್ಕೂ ಕಾಳಿನ ಅಂಕವೇ ಹೆಚ್ಚು ಹೊಂದಿಕೊಂಡಿತು. ನೆನಪಿನಿಂದ ಹೇಳುವುದಾದರೆ, ಹೊಂದಾಣಿಕೆಯ ಅಳತೆಯಾದ ಕಪ್ಪಾ (ಪೂರ್ಣ ಹೊಂದಾಣಿಕೆಗೆ 1) 0.7ರ ಆಸುಪಾಸು. ಸಾರಿನ ಮಾತಾಡಿದ ಹಿರಿಯರು ಮುಂದಿನ ಸಭೆಯಲ್ಲಿ ಕೋಷ್ಟಕವನ್ನು ಎರಡು ಸಲ ತಿರುವಿ ನೋಡಿದರು, ಏನೂ ಹೇಳಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಈ ಉತ್ಸಾಹದಲ್ಲಿ ಖಿನ್ನತೆಯಿರುವವರ ದಿನನಿತ್ಯದ ಚಟುವಟಿಕೆ ಹೆಚ್ಚಿಸುವ ಚಿಕಿತ್ಸೆಯಲ್ಲಿ ಮನೆಯಲ್ಲಿ ಮಾಡಲು ಕೊಡುವ ಅಭ್ಯಾಸಕ್ಕೂ ಕಾಳನ್ನೇ ಕೊಟ್ಟು ನೋಡಿದೆ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ, ಅಂದು ಒಪ್ಪಿಕೊಂಡ ಕೆಲಸ ಮಾಡಿದ್ದರೆ ಡಬ್ಬಿಗೆ ಒಂದು ಕಾಳು ಹಾಕಬೇಕಿತ್ತು. ಹಾಲಿನ ಹೊತ್ತಿಗೆ ಗಂಟು ಹಾಕಿದ್ದು ಚೆನ್ನಾಗಿಯೇ ಕೆಲಸ ಮಾಡಿತು, ಮರೆತವರು ಬಹಳ ಕಡಿಮೆ; ಆದರೆ ಎರಡು ಮನೆಗಳಲ್ಲಿ ದತ್ತಾಂಶವನ್ನು ಇಲಿ ತಿಂದಿತು, ಇನ್ನೊಂದರಲ್ಲಿ ಸೊಸೆ ಬೇಯಿಸಿದಳು. ಈಗ ಅಂಗಿಯ ಗುಂಡಿಗಳನ್ನು ಕೊಡುತ್ತಿದ್ದೇನೆ. ಕ್ಲಿನಿಕ್ಕಿನ ಕಾಳಿಗೂ ಮಳೆಗಾಲದಲ್ಲಿ ಹುಳು ಬೀಳುತ್ತದೆ, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಬೇಕು. ಕಲಬುರಗಿಯ ಗೆಳತಿ ಅಲ್ಲಿ ತೊಗರಿಯಿಂದ ಮಾಡಿ ನೋಡಿದಳು, ಕಾಳು ಸಣ್ಣದಾಗಿ ವಯಸ್ಸಾದವರ ಬೆರಳಿಗೆ ಸಿಗಲಿಲ್ಲವಂತೆ. ಮುಂದಿನ ತಿಂಗಳು ಕಡಲೆಯಿಂದ ಪ್ರಯತ್ನಿಸುತ್ತಾಳೆ.