ಬೋರ್ಡೋ ಡ್ರಮ್ಮಿಗೆ ಅದ್ದಿದ ಪೀಶಕತ್ತಿ

ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತನಾದ ಮೇಲೆ, ಮಹಾಳಿ ಎಂಬ ಕಾಯಿಕೊಳೆ ರೋಗಕ್ಕೆ ಬಿಡುವ ಬೋರ್ಡೋ ಮದ್ದು ಕಲಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಇದೇನು ಮಹಾ ಅಂದುಕೊಂಡೆ.

ಮೊದಲ ವರ್ಷವೇ ಎಡವಿದೆ. ಹಿಂದಿನ ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಸುಣ್ಣದ ಚೀಲ ಕೊಟ್ಟಿಗೆಯಲ್ಲಿತ್ತು. ಸುಮ್ನೆ ಯಾಕೆ ಹಾಳು ಮಾಡುವುದು ಅಂತ ಅದನ್ನೇ ತೂಗಿ ಹಾಕಿದೆ. ಮದ್ದು ಬಿಡಲು ಬಂದವರು ಡ್ರಮ್ಮಿಗೆ ಇಣುಕಿದರು. "ಮಾಷ್ಟ್ರೇ, ಕತ್ತಿ ಅದ್ದಿ ನೋಡಿದ್ದೀರಾ?" ಸೊಂಟದ ಪೀಶಕತ್ತಿಯನ್ನು ಕಲ್ಲಿಗೆ ತಿಕ್ಕಿ, ಹೊಳಪು ಬಂದ ಮೇಲೆ ಅದ್ದಿ ಸ್ವಲ್ಪ ಹೊತ್ತು ಹಿಡಿದರು. ತೆಗೆದರೆ ಅಲಗೆಲ್ಲ ಕೆಂಪು. "ಇದನ್ನು ಬಿಟ್ಟರೆ ಎಳೆ ಅಡಿಕೆ, ನಳ್ಳಿಯೆಲ್ಲ ಸುಟ್ಟು ಹೋದೀತು."

ನಾಚಿಕೆಯಾಯಿತು. ಪ್ರತಿ ವರ್ಷ ಮೈಲುತುತ್ತಿನ ನೀರಿಗೆ ಮೊಳೆ ಹಾಕಿ ಇದನ್ನೇ ಮಕ್ಕಳಿಗೆ ತೋರಿಸಿದವನು ನಾನು. ಕಬ್ಬಿಣ ಕರಗುತ್ತದೆ, ಅದರ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ಕತ್ತಿಗೆ ಹತ್ತಿದ್ದು ಆ ತಾಮ್ರ. ಅಂದರೆ ಸುಣ್ಣದ ಕೈಗೆ ಸಿಗದ ತಾಮ್ರ ನೀರಿನಲ್ಲಿ ಇನ್ನೂ ಇದೆ. ತಪ್ಪು ಚೀಲದ್ದು. ತೆರೆದಿಟ್ಟ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಸೀಮೆಸುಣ್ಣದ ಹಾಗೆ ಜಡವಾಗಿತ್ತು. ತೂಕಕ್ಕೇನೋ ಒಂದು ಕಿಲೋ ಇತ್ತು, ಕೆಲಸಕ್ಕೆ ಸಾಲಲಿಲ್ಲ. ಹೊಸ ಸುಣ್ಣ ತರಿಸಿ, ಅದರ ಹಾಲನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋದೆವು. ಕತ್ತಿ ಬೆಳ್ಳಗೇ ಬಂದಾಗ ನಿಲ್ಲಿಸಿದೆವು.

ಈಗ ತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆ ಕರಗಿಸುತ್ತೇನೆ. ಸುಣ್ಣದ ಹಾಲಿಗೆ ತುತ್ತಿನ ನೀರು ಹೊಯ್ಯುತ್ತಾ ಕೋಲಿನಿಂದ ತಿರುಗಿಸುವುದು. ಎಲ್ಲ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ಕಬ್ಬಿಣದ ಬಕೆಟಿಗೆ ಹಾಕಿದರೆ ಕತ್ತಿಗೆ ಆದದ್ದೇ ಬಕೆಟಿಗೂ ಆಗುತ್ತದೆ, ಅಲ್ವಾ? ಕಲಸಿದ್ದು ಅದೇ ದಿನ ಮುಗಿಯಬೇಕು. ಇಟ್ಟರೆ ಕಣ ದಪ್ಪವಾಗಿ ತಳ ಸೇರುತ್ತದೆ, ಕೊನೆಗೆ ಅಂಟುವುದಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಕಳೆದು ಇನ್ನೊಂದು ಸಲ.

ಆ ತಿಳಿನೀಲಿ ಕೆನೆ ಕಾಯಿಯ ಮೇಲೆ ಒಣಗಿ ಕೂರುತ್ತದೆ. ಮಳೆಹನಿ ಬಿದ್ದಾಗ ಅದರಿಂದ ತಾಮ್ರ ಒಂದಿಷ್ಟೇ ಬಿಡುತ್ತದೆ. ಮಹಾಳಿಯ ಬೀಜಕಣಗಳು ಈಜುವುದೂ ಅದೇ ನೀರಿನಲ್ಲಿ. 1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ದ್ರಾಕ್ಷಿಗೆಂದು ಹೇಳಿದ ಮದ್ದು ಅಡಿಕೆಗೂ ಒದಗಿದ್ದು ಹೀಗೆ.

ಮೊಮ್ಮಗಳಿಗೆ ಬಣ್ಣದ್ದೇ ಚಿಂತೆ. ತುತ್ತಿನ ಹರಳನ್ನು ಕಾಯಿಸಿ ತೋರಿಸಿದೆ. ನೀರು ಹೋದಂತೆ ನೀಲಿ ಹೋಗಿ ಬಿಳಿ ಪುಡಿ ಉಳಿಯಿತು. ಒಂದು ಹನಿ ನೀರು ಬಿಟ್ಟೆ, ನೀಲಿ ಮರಳಿತು. ತಾಮ್ರಕ್ಕೆ ನೀರು ಅಂಟಿಕೊಂಡರೆ ಬರುವ ಬಣ್ಣ ಅದು. ನಮ್ಮ ಮುರಕಲ್ಲು ಕೆಂಪಾಗಿರುವುದು ಕಬ್ಬಿಣದಿಂದ ಅಂದಾಗ ಗೋಡೆಯನ್ನೇ ಮುಟ್ಟಿ ಬಂದಳು.

ಈಚೆಗೆ ನಾನು ಲಿಟ್ಮಸ್ ಕಾಗದ ತಂದಿಟ್ಟಿದ್ದೇನೆ. ಸುಣ್ಣ ಸಾಕಾಗಿದೆ ಅಂತ, ಕೆಂಪು ಕಾಗದ ನೀಲಿಯಾದದ್ದನ್ನು ಹಿಡಿದು ತೋರಿಸಿದರೆ, ಮದ್ದು ಬಿಡುವವರು "ಆಯ್ತು ಮಾಷ್ಟ್ರೇ" ಅನ್ನುತ್ತಾರೆ. ಆಮೇಲೆ ಸೊಂಟಕ್ಕೆ ಕೈ ಹಾಕುತ್ತಾರೆ.